ಬಣ್ಣ ಆಮೇಲೆ, ಚೌಕ ಮೊದಲು: ವೈರ್‌ಫ್ರೇಮ್ ಬಗ್ಗೆ ಓದುಗರು ಕೇಳಿದ್ದು

ವೆಬ್‌ಸೈಟ್ ವಿನ್ಯಾಸದ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ವೈರ್‌ಫ್ರೇಮ್ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ಮೊದಲ ಪತ್ರದಲ್ಲಿ ಬಂದ ಗ್ರಂಥಾಲಯದ ಉದಾಹರಣೆಯನ್ನೇ ಮುಂದಿನ ಹಲವು ಉತ್ತರಗಳಲ್ಲೂ ಬಳಸಿಕೊಂಡಿದ್ದೇವೆ.

ಪ್ರಶ್ನೆ: ಒಂದು ಗ್ರಂಥಾಲಯಕ್ಕೆ ವೆಬ್‌ಸೈಟ್ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಮೊದಲು ವೈರ್‌ಫ್ರೇಮ್ ಮಾಡಿ ಅನ್ನುತ್ತಾರೆ. ಅದಕ್ಕೂ ಮಾಕಪ್, ಪ್ರೋಟೊಟೈಪ್‌ಗೂ ಏನು ವ್ಯತ್ಯಾಸ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಪುಟದಲ್ಲಿ ಏನೇನಿರಬೇಕು, ಯಾವುದು ಮೇಲೆ, ಯಾವುದು ಕೆಳಗೆ, ಯಾವುದಕ್ಕೆ ಎಷ್ಟು ಜಾಗ, ಏನನ್ನು ಒತ್ತಿದರೆ ಎಲ್ಲಿಗೆ ಹೋಗುತ್ತದೆ, ಇಷ್ಟನ್ನು ಗೆರೆ, ಚೌಕ, ಅಕ್ಷರಗಳಲ್ಲಿ ತೋರಿಸುವ ನಕ್ಷೆಯೇ ವೈರ್‌ಫ್ರೇಮ್. ಅದಕ್ಕೆ ಬಣ್ಣ, ಫಾಂಟ್, ಫೋಟೊ ಸೇರಿದರೆ ಮಾಕಪ್. ಒತ್ತಿದಾಗ ಒಂದು ಪರದೆಯಿಂದ ಇನ್ನೊಂದಕ್ಕೆ ಸಾಗುವಂತೆ ಜೋಡಿಸಿದರೆ ಪ್ರೋಟೊಟೈಪ್. ಬರೀ ವೈರ್‌ಫ್ರೇಮ್‌ಗಳನ್ನು ಜೋಡಿಸಿಯೂ ಪ್ರೋಟೊಟೈಪ್ ಮಾಡಬಹುದು, ಹಾಗಾಗಿ ಇವು ಒಂದರ ನಂತರ ಒಂದು ಬರಲೇಬೇಕಾದ ಮೆಟ್ಟಿಲುಗಳೇನಲ್ಲ.

ಚೌಕ ಬರೆಯಲು ಕೂರುವ ಮೊದಲು ಎರಡು ಕೆಲಸ ಇವೆ. ಮೊದಲನೆಯದು ಪುಟಗಳ ಪಟ್ಟಿ. ಗ್ರಂಥಾಲಯಕ್ಕೆ ಮುಖಪುಟ, ಹುಡುಕಾಟದ ಫಲಿತಾಂಶ, ಪುಸ್ತಕದ ವಿವರ, ಲಾಗಿನ್, ಸದಸ್ಯರ ಖಾತೆ, ಸಮಯ ಮತ್ತು ನಿಯಮ, ಕಾರ್ಯಕ್ರಮಗಳ ಪಟ್ಟಿ, ಒಂದು ಕಾರ್ಯಕ್ರಮದ ವಿವರ, ಸಂಪರ್ಕ, ಜೊತೆಗೆ ಎಲ್ಲರೂ ಮರೆಯುವ 'ಪುಟ ಸಿಗಲಿಲ್ಲ' ಎಂಬ 404 ಪುಟ. ಒಟ್ಟು ಹತ್ತು. ಪುಸ್ತಕಗಳು ಲಕ್ಷ ಇದ್ದರೂ ವಿವರದ ಪುಟದ ಮಾದರಿ ಒಂದೇ. ಕೆಲಸ ಎಷ್ಟಿದೆ ಎಂದು ಅಂದಾಜು ಮಾಡುವಾಗ ಪುಟಗಳನ್ನಲ್ಲ, ಇಂಥ ಮಾದರಿಗಳನ್ನು ಎಣಿಸಬೇಕು.

ಎರಡನೆಯದು, ಪ್ರತಿ ಪುಟದಲ್ಲಿ ಬರುವ ವಿಷಯಗಳನ್ನು ಪ್ರಾಮುಖ್ಯದ ಕ್ರಮದಲ್ಲಿ ಸಾಲಾಗಿ ಬರೆದುಕೊಳ್ಳುವುದು. ಇಲ್ಲೇ ಅರ್ಧ ವಿನ್ಯಾಸ ಮುಗಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪುಸ್ತಕದ ವಿವರದ ಪುಟವನ್ನೇ ನೋಡಿ. ಅಲ್ಲಿಗೆ ಬಂದವರ ಮೊದಲ ಪ್ರಶ್ನೆ 'ಪುಸ್ತಕ ಈಗ ಸಿಗುತ್ತದೆಯೇ?' ಎಂದು. ಆದ್ದರಿಂದ ಕ್ರಮ ಹೀಗಿರಬೇಕು: ಶೀರ್ಷಿಕೆ, ಲೇಖಕರು, ಪ್ರತಿ ಲಭ್ಯವಿದೆಯೇ, ಯಾವ ಶಾಖೆಯ ಯಾವ ಕಪಾಟಿನಲ್ಲಿದೆ, ಕಾಯ್ದಿರಿಸುವ ಬಟನ್, ಆಮೇಲೆ ಸಾರಾಂಶ, ಪ್ರಕಾಶಕರು, ವರ್ಷ, ಐಎಸ್‌ಬಿಎನ್, ಕೊನೆಗೆ ಅದೇ ಬಗೆಯ ಇತರ ಪುಸ್ತಕಗಳು. ಪಟ್ಟಿ ಮಾಡಿಕೊಳ್ಳದೆ ನೇರವಾಗಿ ಬರೆಯಲು ಕೂತರೆ ಕೈ ತಾನಾಗಿಯೇ ಪುಸ್ತಕದ ಮುಖಪುಟದ ಚಿತ್ರವನ್ನು ದೊಡ್ಡದಾಗಿ ಮೇಲಿಡುತ್ತದೆ, ಅದರ ಕೆಳಗೆ ಉದ್ದನೆಯ ಸಾರಾಂಶ ಬರುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫೋನಿನಲ್ಲಿ 'ಲಭ್ಯವಿದೆ' ಎಂಬ ಒಂದು ಪದಕ್ಕಾಗಿ ಎರಡು ಮೂರು ಬಾರಿ ಪುಟ ಸರಿಸಬೇಕಾಗುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಫೋನಿನ ಅಗಲದಿಂದ ಶುರು ಮಾಡಿ. ಕಿರಿದಾದ ಜಾಗದಲ್ಲಿ ಎರಡು ವಿಷಯಗಳನ್ನು ಅಕ್ಕಪಕ್ಕ ಇಟ್ಟು ತಪ್ಪಿಸಿಕೊಳ್ಳಲು ಬರುವುದಿಲ್ಲ, ಯಾವುದು ಮೊದಲು ಎಂದು ತೀರ್ಮಾನಿಸಲೇಬೇಕು. ಒಂದೇ ಪುಟಕ್ಕೆ ಐದೈದು ನಿಮಿಷದಲ್ಲಿ ಮೂರು ಬೇರೆ ಬೇರೆ ರೇಖಾಚಿತ್ರ ಹಾಕಿ. ಮೂರನೆಯದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಇಲ್ಲದಿದ್ದರೂ ಮೊದಲನೆಯದು ಏಕೆ ಸರಿ ಎಂಬುದಕ್ಕೆ ಕಾರಣ ಸಿಕ್ಕಿರುತ್ತದೆ. ಚಿತ್ರಕ್ಕೆ ಮೂಲೆಯಿಂದ ಮೂಲೆಗೆ ಗುಣಾಕಾರ ಹಾಕಿದ ಚೌಕ, ಬಟನ್‌ಗೆ ಒಳಗೆ ಪದ ಬರೆದ ಚೌಕ, ಲಿಂಕ್‌ಗೆ ಅಡಿಗೆರೆ. ಇಷ್ಟೇ ಚಿಹ್ನೆ ಸಾಕು.

ಪ್ರಶ್ನೆ: ಕಾಗದವೋ ಸಾಫ್ಟ್‌ವೇರೋ? ಯಾವ ಸಾಫ್ಟ್‌ವೇರ್ ಕಲಿಯಬೇಕು?

ಉತ್ತರ: ಮೊದಲ ಸುತ್ತು ಕಾಗದದಲ್ಲೇ ಮಾಡಿ. ಹರಿದು ಬಿಸಾಡಲು ಮನಸ್ಸಿಗೆ ಕಷ್ಟವಾಗದು. ಬೇರೆಯವರಿಗೆ ಕಳಿಸಬೇಕಾದಾಗ, ಅಥವಾ ಒಂದೇ ಹೆಡರ್ (ಪುಟದ ತಲೆಪಟ್ಟಿ) ಹತ್ತು ಪುಟಗಳಲ್ಲಿ ಬರುವಾಗ ಸಾಫ್ಟ್‌ವೇರ್ ಹಿಡಿಯಿರಿ. ಬಾಲ್ಸಾಮಿಕ್‌ನಲ್ಲಿ ಗೆರೆಗಳು ಕೈಯಲ್ಲಿ ಎಳೆದಂತೆ ಇರುತ್ತವೆ, ಅದೇ ಅದರ ಉಪಕಾರ: ನೋಡಿದವರು 'ಇದು ಮುಗಿದ ಕೆಲಸ' ಎಂದುಕೊಳ್ಳುವುದಿಲ್ಲ. ಫಿಗ್ಮಾ ಕಲಿತರೆ ಮುಂದೆ ಮಾಕಪ್‌ಗೂ ಆಗುತ್ತದೆ. ಪೆನ್‌ಪಾಟ್ ಮುಕ್ತ ತಂತ್ರಾಂಶ, ಬೇಕಿದ್ದರೆ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಒಂದು ಎಚ್ಚರಿಕೆ: ಫಿಗ್ಮಾದಲ್ಲಿ ಕೂತವರು ಅರ್ಧ ಗಂಟೆಯೊಳಗೆ ಮೂಲೆಯನ್ನು ಎಷ್ಟು ದುಂಡಗೆ ಮಾಡಬೇಕು ಎಂದು ಯೋಚಿಸತೊಡಗುತ್ತಾರೆ. ಕಪ್ಪು, ಬಿಳಿ, ಎರಡು ಬೂದು, ಒಂದೇ ಫಾಂಟ್, ಮೂರು ಗಾತ್ರ. ಅದಕ್ಕಿಂತ ಹೆಚ್ಚು ಬಳಸುವುದಿಲ್ಲ ಎಂದು ನೀವೇ ಗೆರೆ ಎಳೆದುಕೊಳ್ಳಿ.

ಪ್ರಶ್ನೆ: ನನ್ನ ಫೋನಿನ ಪರದೆ 1080 ಪಿಕ್ಸೆಲ್ ಅಗಲ ಎಂದು ಅದೇ ಅಳತೆಯಲ್ಲಿ ವೈರ್‌ಫ್ರೇಮ್ ಮಾಡಿದೆ. ಅದನ್ನು ನೋಡಿ ಕಟ್ಟಿದ ಪುಟದಲ್ಲಿ ಯಾವುದೂ ಅಳತೆಗೆ ಕೂರುತ್ತಿಲ್ಲ. ಕಾಲಂಗಳ ಲೆಕ್ಕವನ್ನೂ ಬಿಡಿಸಿ ಹೇಳುವಿರಾ?

ಉತ್ತರ: 1080 ಎಂಬುದು ಪರದೆಯ ಭೌತಿಕ ಚುಕ್ಕಿಗಳ ಸಂಖ್ಯೆ. ಬ್ರೌಸರ್ ಲೆಕ್ಕ ಹಾಕುವುದು ಸಿಎಸ್‌ಎಸ್ (ಪುಟದ ರೂಪ, ಅಳತೆ ಹೇಳುವ ಭಾಷೆ) ಪಿಕ್ಸೆಲ್‌ನಲ್ಲಿ. ನಿಮ್ಮ ಫೋನಿನ ಪಿಕ್ಸೆಲ್ ಅನುಪಾತ 3 ಇದ್ದರೆ, ಅಂದರೆ ಒಂದು ಸಿಎಸ್‌ಎಸ್ ಪಿಕ್ಸೆಲ್‌ನ ಅಗಲಕ್ಕೆ ಮೂರು ಚುಕ್ಕಿ ಇದ್ದರೆ, ಬ್ರೌಸರಿಗೆ ಸಿಗುವ ಅಗಲ 1080 ಭಾಗಿಸು 3, ಅಂದರೆ 360 ಮಾತ್ರ. ನೀವು 1080ರ ಹಾಳೆಯಲ್ಲಿ ಮೂರು ಕಾರ್ಡ್ (ಒಂದು ಪುಸ್ತಕದ ಚಿತ್ರ, ಹೆಸರು ಇರುವ ಚೌಕ) ಅಕ್ಕಪಕ್ಕ ಇಟ್ಟಿದ್ದರೆ, ನಿಜವಾದ ಪುಟದಲ್ಲಿ ಒಂದಕ್ಕೇ ಜಾಗ. ಫೋನಿಗೆ 360, ಟ್ಯಾಬ್ಲೆಟ್‌ಗೆ 768, ಕಂಪ್ಯೂಟರಿಗೆ 1440. ಈ ಮೂರು ಅಗಲದ ಹಾಳೆ ಇಟ್ಟುಕೊಂಡರೆ ಹೆಚ್ಚಿನ ಕೆಲಸ ನಡೆಯುತ್ತದೆ.

ಈಗ ಕಾಲಂ ಲೆಕ್ಕ. 1440ರ ಹಾಳೆಯಲ್ಲಿ ವಿಷಯಕ್ಕೆ 1200 ಇಡಿ, ಎರಡು ಬದಿಯಲ್ಲೂ 120 ಖಾಲಿ ಉಳಿಯುತ್ತದೆ. 12 ಕಾಲಂ ಅಂದರೆ ಅವುಗಳ ನಡುವೆ 11 ಗಟರ್, ಅಂದರೆ ಖಾಲಿ ಸಂದು. ಗಟರ್ ಒಂದಕ್ಕೆ 24 ಇಟ್ಟರೆ 264 ಆಯಿತು. 1200ರಲ್ಲಿ ಅದನ್ನು ಕಳೆದು ಉಳಿದ 936ನ್ನು 12ರಿಂದ ಭಾಗಿಸಿ, ಕಾಲಂ ಅಗಲ 78. ಒಂದು ಸಾಲಿಗೆ ಮೂರು ಕಾರ್ಡ್ ಬೇಕಿದ್ದರೆ ಒಂದೊಂದೂ ನಾಲ್ಕು ಕಾಲಂ ಹಿಡಿಯುತ್ತದೆ: 4 ಕಾಲಂ 312, ಅವುಗಳ ನಡುವಿನ 3 ಗಟರ್ 72, ಒಟ್ಟು 384. ಸಾಲಿಗೆ ನಾಲ್ಕು ಕಾರ್ಡ್ ಆದರೆ ಒಂದೊಂದು 282. ತಪ್ಪುವುದು ಸಾಮಾನ್ಯವಾಗಿ ಎಲ್ಲಿ ಅಂದರೆ ಒಳಗಿನ ಗಟರ್‌ಗಳನ್ನು ಸೇರಿಸಲು ಮರೆತು ಬರೀ 78ನ್ನು 4ರಿಂದ ಗುಣಿಸುವಲ್ಲಿ.

360ರ ಹಾಳೆಯಲ್ಲಿ ಎರಡು ಬದಿಗೂ 16 ಬಿಟ್ಟರೆ 328. ನಾಲ್ಕು ಕಾಲಂ, 16ರ ಮೂರು ಗಟರ್: ಕಾಲಂ ಒಂದಕ್ಕೆ 70. ಎರಡು ಕಾರ್ಡ್ ಅಕ್ಕಪಕ್ಕ ಇಟ್ಟರೆ ಒಂದಕ್ಕೆ 156. ಅಷ್ಟು ಅಗಲದಲ್ಲಿ ಪುಸ್ತಕದ ಉದ್ದನೆಯ ಹೆಸರು ಮೂರು ಸಾಲಾಗಬಹುದು. ಅದು ನಿಮಗೆ ಒಪ್ಪಿಗೆಯೇ ಎಂದು ಈಗಲೇ ನೋಡಿಕೊಳ್ಳಿ.

ಲೆಕ್ಕ ಸರಿಯಾದರೂ ಕೈಕೊಡುವ ಇನ್ನೊಂದು ಜಾಗ ಇದೆ. ಕಂಪ್ಯೂಟರಿನಲ್ಲಿ ಎಡಕ್ಕೆ ಎಂಟು ಕಾಲಂ ವಿವರ, ಬಲಕ್ಕೆ ನಾಲ್ಕು ಕಾಲಂ ಪಕ್ಕಪಟ್ಟಿ, ಆ ಪಕ್ಕಪಟ್ಟಿಯಲ್ಲಿ 'ಕಾಯ್ದಿರಿಸಿ' ಬಟನ್. ಫೋನಿನಲ್ಲಿ ಪಕ್ಕಪಟ್ಟಿ ವಿವರದ ಕೆಳಗೆ ಬೀಳುತ್ತದೆ, ಬಟನ್ ಪಾತಾಳ ಸೇರುತ್ತದೆ. ದೃಶ್ಯದಲ್ಲಿ ಮಾತ್ರ ಅದನ್ನು ಮೇಲಕ್ಕೆ ಎತ್ತುವ ಸಿಎಸ್‌ಎಸ್ ಉಪಾಯ ಇದೆ, ಆದರೆ ಕೀಬೋರ್ಡ್‌ನ ಟ್ಯಾಬ್ ಮತ್ತು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಎಚ್‌ಟಿಎಂಎಲ್ (ಪುಟದ ವಿಷಯ ಬರೆಯುವ ಭಾಷೆ) ಬರೆದ ಕ್ರಮದಲ್ಲೇ ಸಾಗುತ್ತವೆ. ಕಣ್ಣಿಗೆ ಒಂದು ಕ್ರಮ, ಕಿವಿಗೆ ಇನ್ನೊಂದು. ಅದಕ್ಕೇ ವೈರ್‌ಫ್ರೇಮ್‌ನ ಪ್ರತಿ ಚೌಕಕ್ಕೂ ಫೋನಿನ ಕ್ರಮಸಂಖ್ಯೆ ಬರೆದಿಡಿ. ಕಂಪ್ಯೂಟರಿನ ಹಾಳೆಯಲ್ಲೂ ಅದೇ ಸಂಖ್ಯೆ ಇರಲಿ. ಎರಡೂ ಹಾಳೆಯಲ್ಲಿ 1, 2, 3 ಎಂದು ಬೆರಳಿಟ್ಟು ಹೋದಾಗ ದಾರಿ ಸಹಜವಾಗಿದ್ದರೆ ಸರಿ.

ಪ್ರಶ್ನೆ: ಬೇರೆಯವರು ಮಾಡಿದ ಒಳ್ಳೆಯ ಸೈಟ್‌ಗಳನ್ನು ನೋಡಿ ವಿನ್ಯಾಸ ಕಲಿಯಬೇಕು ಎಂದಿದೆ. ಬಣ್ಣ, ಚಿತ್ರ ಬಿಟ್ಟು ಒಳಗಿನ ಕಟ್ಟಡ ಕಾಣುವಂತೆ ಮಾಡುವುದು ಹೇಗೆ?

ಉತ್ತರ: ಸೈಟ್‌ನಿಂದ ವೈರ್‌ಫ್ರೇಮ್‌ಗೆ ಹಿಂದಕ್ಕೆ ನಡೆಯಿರಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಬ್ರೌಸರ್‌ನಲ್ಲಿ ಪುಟದ ಒಳಗನ್ನು ತೋರಿಸುವ ಡೆವಲಪರ್ ಟೂಲ್ಸ್ ತೆರೆದು, ಎಲ್ಲ ಅಂಶಗಳಿಗೂ ಒಂದು ಪಿಕ್ಸೆಲ್ ಔಟ್‌ಲೈನ್ ಹಾಕುವ ಒಂದು ಸಾಲು ಸಿಎಸ್‌ಎಸ್ ಸೇರಿಸಿದರೆ ಪುಟದ ಎಲ್ಲ ಪೆಟ್ಟಿಗೆಗಳೂ ಎದ್ದು ಕಾಣುತ್ತವೆ. ಬಾರ್ಡರ್ ಹಾಕಬೇಡಿ. ಅದು ತಾನೂ ಜಾಗ ತೆಗೆದುಕೊಂಡು ಪುಟವನ್ನು ಅಲ್ಲಾಡಿಸುತ್ತದೆ. ಔಟ್‌ಲೈನ್ ಜಾಗ ಕೇಳುವುದಿಲ್ಲ.

ಆಮೇಲೆ ಅದೇ ಟೂಲ್‌ನಲ್ಲಿ ಪರದೆಯ ಅಗಲವನ್ನು 1440ರಿಂದ 320ರವರೆಗೆ ನಿಧಾನವಾಗಿ ಕುಗ್ಗಿಸುತ್ತ ಹೋಗಿ. ಎಷ್ಟಕ್ಕೆ ಬಂದಾಗ ಮೂರು ಕಾರ್ಡ್ ಎರಡಾಯಿತು, ಎಷ್ಟಕ್ಕೆ ಮೆನು ಮೂರು ಗೆರೆಯ ಐಕಾನ್‌ನೊಳಗೆ ಮಡಚಿಕೊಂಡಿತು, ಏನು ಮಾಯವಾಯಿತು, ಏನು ಜಾಗ ಬದಲಿಸಿತು ಎಂದು ಬರೆದುಕೊಳ್ಳಿ. ಅಗಲಕ್ಕೆ ತಕ್ಕಂತೆ ಹೀಗೆ ಮೈ ಬದಲಿಸುವ ವಿನ್ಯಾಸಕ್ಕೆ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂದು ಹೆಸರಿಟ್ಟರು. ಆ ಬದಲಾವಣೆ ನಡೆಯುವ ಅಗಲಗಳೇ ಬ್ರೇಕ್‌ಪಾಯಿಂಟ್. ಬೂಟ್‌ಸ್ಟ್ರಾಪ್ ಎಂಬ ಸಿದ್ಧ ಸಿಎಸ್‌ಎಸ್ ಸಂಗ್ರಹ ಬಳಸಿದ ಸೈಟ್ ಆದರೆ 576, 768, 992, 1200ರ ಹತ್ತಿರ ಬದಲಾವಣೆ ಕಾಣುತ್ತೀರಿ.

ಕೊನೆಗೆ ಸೈಟ್ ಮುಚ್ಚಿಟ್ಟು, ನೆನಪಿನಿಂದ ಆ ಪುಟದ ವೈರ್‌ಫ್ರೇಮ್ ಬರೆಯಿರಿ. ಮರೆತದ್ದು ಬಹುಶಃ ಮುಖ್ಯವಲ್ಲದ್ದು. ಚೌಕಗಳ ಪಕ್ಕದಲ್ಲಿ 'ಇದು ಇಲ್ಲೇ ಏಕೆ?' ಎಂದು ಒಂದು ಸಾಲು. ಉತ್ತರ ಹೊಳೆಯದ ಚೌಕ ಇದ್ದರೆ ಅದು ಅವರದೇ ತಪ್ಪಿರಬಹುದು. ದೊಡ್ಡ ಸೈಟ್ ಮಾಡಿದ್ದೆಲ್ಲ ಸರಿ ಎಂದೇನೂ ಇಲ್ಲ.

ಪ್ರಶ್ನೆ: ವೈರ್‌ಫ್ರೇಮ್‌ನಲ್ಲಿ ಜಾಗ ತುಂಬಲು ಲೋರೆಮ್ ಇಪ್ಸಮ್ ಎಂಬ ಮಾದರಿ ಪಠ್ಯ ಹಾಕಿದ್ದೆವು, ಎಲ್ಲರೂ ಮೆಚ್ಚಿದರು. ಕನ್ನಡ ಪಠ್ಯ ಬಂದ ಮೇಲೆ ಬಟನ್‌ಗಳು ಒಡೆದವು, ಸಾಲುಗಳು ಒಂದಕ್ಕೊಂದು ತಾಗಿದವು. ಏನು ತಪ್ಪಾಯಿತು?

ಉತ್ತರ: ಲೋರೆಮ್ ಇಪ್ಸಮ್ ಲ್ಯಾಟಿನ್ ಲಿಪಿಯ ಚಿಕ್ಕ ಚಿಕ್ಕ ಪದಗಳ ಸರಮಾಲೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಪ್ರತ್ಯಯ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಕಡಿಮೆ, ಒಂದೊಂದೂ ಉದ್ದ. 'ನೋಂದಾಯಿಸಿಕೊಳ್ಳಿ' ಒಂದೇ ಪದ, ನಡುವೆ ಖಾಲಿ ಜಾಗವಿಲ್ಲ, ಹಾಗಾಗಿ ಬ್ರೌಸರ್ ಅದನ್ನು ಎರಡನೇ ಸಾಲಿಗೆ ಒಡೆಯದೆ ಚೌಕದ ಹೊರಗೆ ಚಾಚಿಬಿಡುತ್ತದೆ. ಫೋನಿನ ಅಡಿಪಟ್ಟಿಯಲ್ಲಿ ಐದು ಐಕಾನ್ ಇಟ್ಟರೆ ಒಂದಕ್ಕೆ ಸಿಗುವುದು 72 ಪಿಕ್ಸೆಲ್. ಅಲ್ಲಿ 'ಅಧಿಸೂಚನೆಗಳು' ಎಂದು ಬರೆದು ನೋಡಿ, ಅಕ್ಷರ ಎಷ್ಟು ಚಿಕ್ಕದಾಗಬೇಕು ಎಂದು ಗೊತ್ತಾಗುತ್ತದೆ. ನಾಲ್ಕೇ ಐಕಾನ್ ಇಟ್ಟರೆ 90 ಸಿಗುತ್ತದೆ. ಇಲ್ಲವೇ ಚಿಕ್ಕ ಪದ ಹುಡುಕಬೇಕು. ಈ ತೀರ್ಮಾನ ವೈರ್‌ಫ್ರೇಮ್‌ನಲ್ಲೇ ಆಗಬೇಕಿತ್ತು.

ಸಾಲು ತಾಗಿದ್ದಕ್ಕೆ ಕಾರಣ ಒತ್ತಕ್ಷರ. ಲ್ಯಾಟಿನ್‌ನಲ್ಲಿ ಗೆರೆಯಿಂದ ಕೆಳಗೆ ಇಳಿಯುವುದು ಕೆಲವೇ ಅಕ್ಷರ, ಅದೂ ಸ್ವಲ್ಪ. ಕನ್ನಡದಲ್ಲಿ 'ರಾಷ್ಟ್ರ' ಎಂದರೆ ಕೆಳಗೆ ಎರಡು ಒತ್ತು. ಅದರ ಕೆಳಗಿನ ಸಾಲಿನಲ್ಲಿ ಗುಡಿಸು, ಏತ್ವ ಇರುವ ಅಕ್ಷರ ಬಂದರೆ ಎರಡೂ ಕೂಡಿಕೊಳ್ಳುತ್ತವೆ. ಶೀರ್ಷಿಕೆಗೆ ಅನೇಕರು ಇಡುವ 1.2 ಸಾಲಿನ ಎತ್ತರ (ಅಕ್ಷರದ ಗಾತ್ರದ 1.2 ಪಟ್ಟು) ಕನ್ನಡಕ್ಕೆ ಸಾಲದು. ಶೀರ್ಷಿಕೆಗೆ 1.4, ಓದುವ ಪಠ್ಯಕ್ಕೆ 1.6ರಿಂದ 1.8 ಇಟ್ಟು ಶುರು ಮಾಡಿ, ಫಾಂಟ್ ನೋಡಿಕೊಂಡು ಹೊಂದಿಸಿ. ಇದರಿಂದ ಪುಟದ ಒಟ್ಟು ಉದ್ದವೂ ಹೆಚ್ಚುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಹಾಗೆಯೇ ಇಂಗ್ಲಿಷ್ ವೈರ್‌ಫ್ರೇಮ್‌ಗಳಲ್ಲಿ ಉಪಶೀರ್ಷಿಕೆಯನ್ನು ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆದು ಬೇರೆ ಮಾಡುತ್ತಾರೆ. ನಮಗೆ ದೊಡ್ಡಕ್ಷರ ಇಲ್ಲ, ಓರೆ ಅಕ್ಷರ ಕಣ್ಣಿಗೆ ಹಿತವಲ್ಲ. ಗಾತ್ರ, ದಪ್ಪ, ಸುತ್ತಲ ಖಾಲಿ ಜಾಗ ಈ ಮೂರರಿಂದಲೇ ಬೇರೆ ಮಾಡಬೇಕು.

ಇನ್ನೊಂದು ಸೂಕ್ಷ್ಮ. ಟಿಪ್ಪಣಿಯಲ್ಲಿ 'ಶೀರ್ಷಿಕೆ ಗರಿಷ್ಠ 30 ಅಕ್ಷರ' ಎಂದು ನೀವು ಬರೆಯುತ್ತೀರಿ. ನಿಮ್ಮ ಕಣ್ಣಿಗೆ 'ಸ್ತ್ರೀ' ಒಂದು ಅಕ್ಷರ. ಕಂಪ್ಯೂಟರ್‌ಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಸಂಕೇತಗಳಲ್ಲಿ ಅದು ಸ, ವಿರಾಮ (ಒತ್ತು ಮೂಡಿಸುವ ಗುರುತು), ತ, ವಿರಾಮ, ರ, ಈತ್ವ, ಒಟ್ಟು ಆರು ಸಂಕೇತ. ಕೋಡ್ ಬರೆಯುವವರು ಸಂಕೇತಗಳನ್ನೇ ಎಣಿಸಿ 30ಕ್ಕೆ ಕತ್ತರಿಸಿದರೆ ಶೀರ್ಷಿಕೆ ಎಲ್ಲೋ ನಡುವೆ ತುಂಡಾಗಿ, ಕೊನೆಯ ಅಕ್ಷರಕ್ಕೆ ಅರ್ಧ ಒತ್ತು ಮಾತ್ರ ಉಳಿದಿರಬಹುದು. ಅಕ್ಷರ ಎಣಿಸುವ ಬದಲು 'ಎರಡು ಸಾಲು ಮೀರಿದರೆ ಮೂರು ಚುಕ್ಕಿ' ಎಂದು ಬರೆಯುವುದು ಒಳ್ಳೆಯದು.

ನಿಜವಾದ ಪಠ್ಯ ಇನ್ನೂ ಕೈಗೆ ಬಂದಿಲ್ಲವೇ? ಪಟ್ಟಿಯಲ್ಲಿರುವ ಅತಿ ಉದ್ದದ ಪುಸ್ತಕದ ಹೆಸರು, ಅತಿ ಚಿಕ್ಕದು, ಲೇಖಕರು ನಾಲ್ವರಿರುವುದು, ಮುಖಪುಟದ ಚಿತ್ರವೇ ಇಲ್ಲದ್ದು ಹೀಗೆ ನಾಲ್ಕೈದು ಮಾದರಿ ಕೇಳಿ ಪಡೆದುಕೊಳ್ಳಿ. ಇವು ಕೂತರೆ ಉಳಿದವೆಲ್ಲ ಕೂರುತ್ತವೆ.

ಪ್ರಶ್ನೆ: ಗ್ರಾಹಕರಿಗೆ ವೈರ್‌ಫ್ರೇಮ್ ತೋರಿಸಿದರೆ 'ಇದೇನು, ಬಣ್ಣವೇ ಇಲ್ಲ' ಎಂದು ಮೂಗು ಮುರಿಯುತ್ತಾರೆ. ತೋರಿಸದಿದ್ದರೆ ಕೊನೆಗೆ ಎಲ್ಲ ಬದಲಿಸಿ ಅನ್ನುತ್ತಾರೆ.

ಉತ್ತರ: ಫೈಲ್ ಕಳಿಸಿ 'ಹೇಗಿದೆ?' ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವರಿಗೆ ಕಂಡದ್ದನ್ನೇ ಹೇಳುತ್ತಾರೆ, ಕಂಡದ್ದು ಬೂದು ಬಣ್ಣ. ಎದುರು ಕೂತು, ಒಂದು ಕೆಲಸ ಕೊಟ್ಟು ತೋರಿಸಿ: 'ಸದಸ್ಯರೊಬ್ಬರು ಪುಸ್ತಕ ಹುಡುಕಿ ಕಾಯ್ದಿರಿಸುವ ದಾರಿ ಇದು. ಇಲ್ಲಿ ಯಾವುದಾದರೂ ಹಂತ ಬಿಟ್ಟುಹೋಗಿದೆಯೇ? ಈ ಪುಟದಲ್ಲಿ ಮೊದಲು ಕಾಣಬೇಕಾದದ್ದು ಇದೇನಾ? ಈ ಮಾಹಿತಿ ಕೊಡುವವರು ನಿಮ್ಮಲ್ಲಿ ಯಾರು?' ಮೂರನೆಯ ಪ್ರಶ್ನೆಯೇ ಹೆಚ್ಚು ಬೆಲೆಯದು. 'ವಾರದ ಕಾರ್ಯಕ್ರಮಗಳು' ಎಂಬ ಚೌಕವನ್ನು ವಾರ ವಾರವೂ ತುಂಬುವವರು ಯಾರೂ ಇಲ್ಲ ಎಂದು ಆಗ ಗೊತ್ತಾಗುತ್ತದೆ, ಚೌಕ ಹೋಗುತ್ತದೆ.

ಒಪ್ಪಿದ್ದನ್ನು ಬರಹದಲ್ಲಿ ಇಟ್ಟುಕೊಳ್ಳಿ: ಯಾವ ಪುಟ, ಯಾವ ಆವೃತ್ತಿ, ಯಾವ ದಿನಾಂಕ, ಏನು ಒಪ್ಪಿದರು, ಏನು ಬಾಕಿ. ಫೈಲ್‌ಗೆ 'ಫೈನಲ್', 'ಫೈನಲ್ ಹೊಸದು' ಎಂದೆಲ್ಲ ಹೆಸರಿಡಬೇಡಿ, ಸಂಖ್ಯೆ ಸಾಕು. ಲೋಗೊ ಇಲ್ಲದೆ ಸಮಾಧಾನವಾಗದವರಿಗೆ ಮೂಲೆಯಲ್ಲಿ ಲೋಗೊ ಒಂದನ್ನು ಹಾಕಿಕೊಡಿ. ತಪ್ಪೇನಿಲ್ಲ.

ಪ್ರಶ್ನೆ: ಮುಖಪುಟದಲ್ಲಿ ತಾನಾಗಿ ಸರಿಯುವ ಚಿತ್ರಗಳ ಕ್ಯಾರೊಸೆಲ್ ಇರಬೇಕೇ?

ಉತ್ತರ: ಬೇಡ. ಸಾಮಾನ್ಯವಾಗಿ ಅದು ಬರುವುದು 'ಯಾವುದು ಮುಖ್ಯ' ಎಂದು ಸಂಸ್ಥೆಯೊಳಗೆ ತೀರ್ಮಾನವಾಗದೆ ಇದ್ದಾಗ. ಎರಡನೆಯ ಚಿತ್ರ ಬರುವಷ್ಟರಲ್ಲಿ ಓದುಗರು ಕೆಳಗೆ ಹೋಗಿರುತ್ತಾರೆ. ಇಡಲೇಬೇಕಾದರೆ ನಿಲ್ಲಿಸುವ ಬಟನ್ ವೈರ್‌ಫ್ರೇಮ್‌ನಲ್ಲೇ ಇರಲಿ. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುತ್ತ, ಪಕ್ಕದಲ್ಲಿ ಬೇರೆ ವಿಷಯವೂ ಇರುವಂಥದ್ದನ್ನು ನಿಲ್ಲಿಸಲು ದಾರಿ ಇರಬೇಕು ಎಂಬುದು ಅಂಗವಿಕಲರಿಗೂ ಸೈಟ್ ಬಳಸಲು ಬರಬೇಕೆಂದು ಇರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ನಿಯಮ.

ಪ್ರಶ್ನೆ: ನೋಂದಣಿ ಫಾರ್ಮ್‌ನ ವೈರ್‌ಫ್ರೇಮ್ ಕೊಟ್ಟ ಮೇಲೂ ಡೆವಲಪರ್ ದಿನಕ್ಕೆ ಹತ್ತು ಸಂದೇಹ ಕೇಳುತ್ತಾರೆ. ಇನ್ನೇನು ಬರೆಯಬೇಕು?

ಉತ್ತರ: ನೀವು ಕೊಟ್ಟದ್ದು ಎಲ್ಲವೂ ಸುಸೂತ್ರವಾಗಿ ನಡೆದಾಗಿನ ಒಂದು ಪರದೆ. ಅವರು ಕಟ್ಟಬೇಕಾದದ್ದು ಐದಾರು. ಹುಡುಕಾಟದ ಪುಟವನ್ನೇ ತೆಗೆದುಕೊಳ್ಳಿ: ಇನ್ನೂ ಏನೂ ಹುಡುಕದ ಸ್ಥಿತಿ, ಫಲಿತಾಂಶ ಬರುತ್ತಿರುವ ಸ್ಥಿತಿ, ಫಲಿತಾಂಶ ಸೊನ್ನೆ, ಫಲಿತಾಂಶ ಒಂದೋ ಎರಡೋ, ಫಲಿತಾಂಶ ಸಾವಿರಾರು. ಸರ್ವರ್ ಉತ್ತರಿಸದೆ ಹೋದರೆ ಆರನೆಯದು. ಪ್ರತಿಯೊಂದಕ್ಕೂ ಇಡೀ ಪುಟ ಬರೆಯಬೇಕಿಲ್ಲ, ಬದಲಾಗುವ ಭಾಗವನ್ನಷ್ಟೇ ಪಕ್ಕದಲ್ಲಿ ಬರೆದರೆ ಸಾಕು. ಫಲಿತಾಂಶ ಸೊನ್ನೆ ಬಂದಾಗ 'ಏನೂ ಸಿಗಲಿಲ್ಲ' ಎಂದು ಕೈ ತೊಳೆದುಕೊಳ್ಳಬೇಡಿ. ಕಾಗುಣಿತ ನೋಡಿ, ಲೇಖಕರ ಹೆಸರಿನಿಂದ ಹುಡುಕಿ, ಗ್ರಂಥಪಾಲಕರನ್ನು ಕೇಳಿ ಎಂಬ ಮೂರು ದಾರಿ ಅಲ್ಲೇ ಇರಲಿ.

ಫಾರ್ಮ್‌ನಲ್ಲಿ ಪ್ರತಿ ಖಾನೆಗೂ ವೃತ್ತದೊಳಗೆ ಒಂದು ಸಂಖ್ಯೆ ಹಾಕಿ, ಪಕ್ಕದಲ್ಲಿ ಟಿಪ್ಪಣಿ. ಉದಾಹರಣೆಗೆ '4. ಮೊಬೈಲ್ ಸಂಖ್ಯೆ. ಕಡ್ಡಾಯ. ಸಂಖ್ಯೆಗಳ ಕೀಬೋರ್ಡ್ ತೆರೆಯಬೇಕು. ನಡುವೆ ಖಾಲಿ ಜಾಗ ಬಿಟ್ಟು ಬರೆದರೂ ಒಪ್ಪಿಕೊಳ್ಳಬೇಕು. ಖಾನೆ ಬಿಟ್ಟು ಮುಂದೆ ಹೋದಾಗ ಪರೀಕ್ಷಿಸಬೇಕು, ಬರೆಯುತ್ತಿರುವಾಗ ಅಲ್ಲ. ತಪ್ಪಿದ್ದರೆ ಸಂದೇಶ ಖಾನೆಯ ಕೆಳಗೇ ಬರಬೇಕು. ಬೇರೆ ಖಾನೆಗಳಲ್ಲಿ ತುಂಬಿದ್ದು ಅಳಿಸಿಹೋಗಬಾರದು.' ತಪ್ಪಿನ ಸಂದೇಶದ ವಾಕ್ಯವನ್ನು ನೀವೇ ಬರೆದುಕೊಡಿ. ಬಿಟ್ಟರೆ 'ಅಮಾನ್ಯ ಇನ್‌ಪುಟ್' ಎಂದು ಬಂದು ಕೂರುತ್ತದೆ.

ಖಾನೆಯ ಹೆಸರು ಖಾನೆಯ ಮೇಲಿರಲಿ. ಒಳಗೆ ಬೂದು ಬಣ್ಣದಲ್ಲಿ ಬರೆದರೆ ಜಾಗ ಉಳಿಯುತ್ತದೆ ನಿಜ, ಆದರೆ ಬರೆಯಲು ಶುರು ಮಾಡಿದೊಡನೆ ಅದು ಮಾಯ. ಅರ್ಧಕ್ಕೆ ನಿಲ್ಲಿಸಿ ಮರಳಿ ಬಂದವರಿಗೆ ಯಾವ ಖಾನೆಯಲ್ಲಿ ಏನು ಎಂದು ತಿಳಿಯದು. ಖಾನೆಗಳು ಒಂದರ ಕೆಳಗೊಂದು ಇರಲಿ. ಎರಡು ಕಾಲಂ ಮಾಡಿದರೆ ಬಲಬದಿಯ ಖಾನೆಗಳನ್ನು ಬಿಟ್ಟು ಕೆಳಗಿಳಿಯುವವರು ಇದ್ದೇ ಇರುತ್ತಾರೆ.

ಒತ್ತುವ ಜಾಗದ ಅಳತೆಯನ್ನೂ ಬರೆಯಿರಿ. ಡಬ್ಲ್ಯೂಸಿಎಜಿ 2.2ರ ಎಎ ಮಟ್ಟ (ಮೂರು ಮಟ್ಟಗಳಲ್ಲಿ ನಡುವಿನದು) ಕೇಳುವುದು ಕನಿಷ್ಠ 24ಕ್ಕೆ 24 ಸಿಎಸ್‌ಎಸ್ ಪಿಕ್ಸೆಲ್, ಕೆಲವು ವಿನಾಯಿತಿಗಳಿವೆ. ಬೆರಳಿಗೆ ನೆಮ್ಮದಿ ಬೇಕಿದ್ದರೆ 44. ಈಗ ಇದನ್ನು ಹುಡುಕಾಟದ ಫಲಿತಾಂಶದ ಕೆಳಗೆ ಬರುವ ಪುಟಸಂಖ್ಯೆಗಳಿಗೆ ಹಚ್ಚಿ ನೋಡಿ. ಏಳು ಸಂಖ್ಯೆ, ಒಂದೊಂದು 44, ನಡುವೆ 8ರ ಆರು ಸಂದು: 308ಕ್ಕೆ 48 ಸೇರಿ 356. ಫೋನಿನಲ್ಲಿ ಇರುವುದು 328. ಏಳನೆಯದು ಹೊರಗೆ. ಆರಕ್ಕೆ ಇಳಿಸಿದರೆ 304, ಸಲೀಸಾಗಿ ಕೂರುತ್ತದೆ. ಇಂಥ ಐದು ನಿಮಿಷದ ಲೆಕ್ಕ ಮಾಡದೆ ಇದ್ದದ್ದೇ ಪುಟ ಅಡ್ಡಡ್ಡ ಸರಿಯುವ ಕಿರಿಕಿರಿಗೆ ಕಾರಣ.

ಎತ್ತರಕ್ಕೂ ಹೀಗೇ. 360ಕ್ಕೆ 640ರ ಜಾಗದಲ್ಲಿ ಅಂಟಿಕೊಂಡೇ ಇರುವ ಹೆಡರ್ 56, ಕುಕಿ ಸೂಚನೆ 48, ಅಡಿಪಟ್ಟಿ 56 ಎಂದಿಟ್ಟರೆ 160 ಹೋಯಿತು, ಪರದೆಯ ಕಾಲು ಭಾಗ. ಇದರ ಜೊತೆಗೆ ಕೀಬೋರ್ಡ್ ತೆರೆದರೆ ತುಂಬುತ್ತಿರುವ ಖಾನೆಯೇ ಕಾಣದೆ ಹೋಗಬಹುದು. ಕೀಬೋರ್ಡ್ ತೆರೆದ ಸ್ಥಿತಿಯನ್ನೂ ಒಂದು ಚೌಕದಲ್ಲಿ ಬರೆದು ತೋರಿಸಿ.

ಪ್ರಶ್ನೆ: ಚಿತ್ರಗಳಿಗೆ ಚೌಕದ ಅಳತೆ ಈಗಲೇ ಬೇಕೇ?

ಉತ್ತರ: ಅಳತೆಗಿಂತ ಅನುಪಾತ ಬೇಕು. 16:9 ಎಂದು ಬರೆದರೆ 384 ಅಗಲದ ಕಾರ್ಡ್‌ನಲ್ಲಿ ಚಿತ್ರದ ಎತ್ತರ 216 ಎಂದು ತಾನೇ ಸಿಗುತ್ತದೆ. ಅನುಪಾತ ಮೊದಲೇ ಗೊತ್ತಿದ್ದರೆ ಬ್ರೌಸರ್ ಅಷ್ಟು ಜಾಗ ಕಾಯ್ದಿಡುತ್ತದೆ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಕೆಳಗಿನದನ್ನೆಲ್ಲ ತಳ್ಳುತ್ತದೆ, ಒಂದು ಒತ್ತಲು ಹೋದ ಬೆರಳು ಇನ್ನೊಂದರ ಮೇಲೆ ಬೀಳುತ್ತದೆ. ಗೂಗಲ್‌ನ ಅಳತೆಗೋಲಿನಲ್ಲಿ ಈ ಜರುಗಾಟದ ಅಂಕ 0.1 ಮೀರಬಾರದು. ಪುಸ್ತಕದ ಮುಖಪುಟಗಳು ಉದ್ದುದ್ದ ಇರುವುದರಿಂದ ಅಲ್ಲಿ 2:3 ಇಡಿ.

ಪ್ರಶ್ನೆ: ಬರೀ ಗೆರೆಚಿತ್ರ ಇಟ್ಟುಕೊಂಡು ಬಳಕೆದಾರರ ಪರೀಕ್ಷೆ ಸಾಧ್ಯವೇ? ಎಷ್ಟು ಜನ ಬೇಕು?

ಉತ್ತರ: ಸಾಧ್ಯ, ಬೇಗವೂ ಆಗುತ್ತದೆ. ಪ್ರತಿ ಪರದೆಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕೂತವರಿಗೆ ಒಂದು ಕೆಲಸ ಹೇಳಿ: 'ಮುಂದಿನ ಶನಿವಾರ ಮಕ್ಕಳಿಗೆ ಏನಾದರೂ ಕಾರ್ಯಕ್ರಮ ಇದೆಯೇ, ನೋಡಿ.' ಅವರು ಬೆರಳಿಟ್ಟ ಕಡೆಗೆ ತಕ್ಕ ಹಾಳೆಯನ್ನು ನೀವು ಮುಂದಿಡಿ. ಪರದೆಯ ಮೇಲೆ ಇರುವ ಪದವನ್ನು ನಿಮ್ಮ ಪ್ರಶ್ನೆಯಲ್ಲಿ ಬಳಸಬೇಡಿ, ಅದು ಉತ್ತರ ಹೇಳಿಕೊಟ್ಟಂತೆ. ಅವರು ತಡವರಿಸಿದಾಗ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟದ ಭಾಗ. 'ಈಗ ಏನು ಹುಡುಕುತ್ತಿದ್ದೀರಿ?' ಎಂಬುದಕ್ಕಿಂತ ಹೆಚ್ಚು ಕೇಳಬೇಡಿ.

ಒಂದು ಸುತ್ತಿಗೆ ಐದು ಜನ ಸಾಕು ಎಂಬ ಸಲಹೆ ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಕೊಟ್ಟದ್ದು. ಅದರ ಅರ್ಥ, ಐವರಲ್ಲಿ ದೊಡ್ಡ ತೊಡಕುಗಳು ಹೊರಬೀಳುತ್ತವೆ, ಸರಿಪಡಿಸಿ ಮತ್ತೆ ಐವರನ್ನು ಕೂರಿಸಿ ಎಂದು. ಐವರಲ್ಲಿ ಮೂವರು ಮಾಡಿದರು, ಹಾಗಾಗಿ ಶೇ 60 ಜನರಿಗೆ ಬರುತ್ತದೆ ಎಂದು ವರದಿ ಬರೆದರೆ ಅದು ಸುಳ್ಳು ಲೆಕ್ಕ. ಬಣ್ಣ ಮೆಚ್ಚುಗೆಯೇ, ಸೈಟ್ ನಂಬಿಕೆ ಹುಟ್ಟಿಸುತ್ತದೆಯೇ ಎಂಬುದನ್ನೂ ಗೆರೆಚಿತ್ರದಿಂದ ತಿಳಿಯಲಾಗದು, ಅದಕ್ಕೆ ಮಾಕಪ್ ಬೇಕು.

ಪ್ರಶ್ನೆ: ಸಿದ್ಧ ಥೀಮ್ (ಮೊದಲೇ ವಿನ್ಯಾಸ ಮಾಡಿಟ್ಟ ಪುಟಗಳ ಕಟ್ಟು) ತಂದು ಸೈಟ್ ಮಾಡುತ್ತಿದ್ದೇವೆ. ಆಗಲೂ ವೈರ್‌ಫ್ರೇಮ್ ಬೇಕೇ?

ಉತ್ತರ: ಹತ್ತೂ ಪುಟಕ್ಕೆ ಬೇಡ. ಥೀಮ್ ಆರಿಸುವ ಮೊದಲು ಹೆಚ್ಚು ಬಳಕೆಯಾಗುವ ಎರಡು ಮೂರು ಪುಟಗಳಿಗೆ ಫೋನಿನ ಅಗಲದಲ್ಲಿ ಮಾತ್ರ ಮಾಡಿಕೊಳ್ಳಿ. ಥೀಮ್‌ನ ಪ್ರದರ್ಶನ ಪುಟದಲ್ಲಿ ಎಲ್ಲ ಚಿತ್ರವೂ ಒಂದೇ ಅಳತೆ, ಎಲ್ಲ ಶೀರ್ಷಿಕೆಯೂ ಮೂರು ಪದ. ನಿಮ್ಮ ವೈರ್‌ಫ್ರೇಮನ್ನು ಪಕ್ಕದಲ್ಲಿಟ್ಟುಕೊಂಡು ಥೀಮ್‌ನಲ್ಲಿ ಯಾವ ಚೌಕಕ್ಕೆ ಜಾಗವಿಲ್ಲ, ಯಾವ ಚೌಕ ನಿಮಗೆ ಬೇಡವಾದರೂ ತೆಗೆಯಲಾಗದು ಎಂದು ನೋಡಿ. ಬೇಡದ ಚೌಕವನ್ನು ಖಾಲಿ ಬಿಟ್ಟಾಗ ಪುಟ ಮುರಿಯುತ್ತದೆಯೇ ಎಂದೂ ಪರೀಕ್ಷಿಸಿ, ಹಲವು ಥೀಮ್‌ಗಳು ಅಲ್ಲೇ ಎಡವುತ್ತವೆ. ಆಮೇಲೆ ನಿಮ್ಮ ಅತಿ ಉದ್ದದ ಶೀರ್ಷಿಕೆಯನ್ನು ಹಾಕಿ ಅಗಲವನ್ನು 320ಕ್ಕೆ ಇಳಿಸಿ. 1280 ಅಗಲದ ಕಂಪ್ಯೂಟರಿನಲ್ಲಿ ಶೇ 400 ಹಿಗ್ಗಿಸಿ ಓದುವವರಿಗೆ ಸಿಗುವುದೂ ಅಷ್ಟೇ ಅಗಲ. ಅಲ್ಲಿ ಓದಲು ಬಂದರೆ ಥೀಮ್ ಕೊಳ್ಳಿ.